ಅಗೆದ ಗೋರಿ ಎರಡನೇ ಸಲ ಸಿಗುವುದಿಲ್ಲ

ಹೊಸಪೇಟೆಯ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಕಳೆದ ಸಂಚಿಕೆಯಲ್ಲಿ ಬಂದ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಪ್ರಾಚೀನ ಕಲ್ಗೋರಿಗಳ ಲೇಖನ ಓದಿ ಉದ್ದನೆಯ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಉತ್ಖನನದ ಜಾಗದಲ್ಲಿ ಈಗ ಡ್ರೋನು, ಲ್ಯಾಪ್‌ಟಾಪುಗಳದ್ದೇ ಕಾರುಬಾರು. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಆಡಿಸುವವರಿಲ್ಲ. ಮೇಲಾಗಿ, ಸತ್ತವರ ಎಲುಬುಗಳನ್ನು ಮೊಬೈಲಿನಲ್ಲಿ ತಿರುತಿರುಗಿಸಿ ನೋಡುವುದು ಯಾವ ಸಂಸ್ಕಾರ?"

ಮಾಸ್ತರೇ, ಪೆನ್ಸಿಲಿನ ಮಾತು ಒಪ್ಪಿದೆ. ಕೈ ಬರೆಯುವಾಗ ಕಣ್ಣು ಚುರುಕಾಗುತ್ತದೆ. 1850ರ ಸುಮಾರಿಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಗೋರಿಗಳನ್ನು ಬಿಚ್ಚಿ, ಮಣ್ಣಿನ ಪದರ, ಅಸ್ಥಿಪಂಜರ, ಮಡಕೆ ಎಲ್ಲವನ್ನೂ ಅಡ್ಡಸೀಳಿನ ಚಿತ್ರದಲ್ಲಿ ತೋರಿಸಿದ. ನೂರು ವರ್ಷದ ನಂತರ ಹೆಸರಾಂತ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಂಥವರೇ ಆ ಚಿತ್ರಗಳನ್ನು ಮೆಚ್ಚಿ ಬರೆದರು. ಆ ಪರಂಪರೆ ಅಳಿಯಬಾರದು.

ಆದರೆ ಚಿತ್ರಗಾರ ತನಗೆ ಮುಖ್ಯವೆನಿಸಿದ್ದನ್ನು ಬರೆಯುತ್ತಾನೆ, ಉಳಿದದ್ದನ್ನು ಬಿಡುತ್ತಾನೆ. ಬಿಟ್ಟದ್ದರಲ್ಲೇ ಮುಂದಿನವರ ಪ್ರಶ್ನೆ ಅಡಗಿದ್ದರೆ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಸ್ವತಃ ವೀಲರ್ ಅಗೆದರು. ಅಲ್ಲಿನ ಕಲ್ಗೋರಿಗಳಲ್ಲಿ ಒಬ್ಬರಲ್ಲ, ಹಲವರ ಬಿಡಿ ಎಲುಬುಗಳು ಒಟ್ಟಿಗೆ ಸಿಕ್ಕವು. ಯಾರ ಎಲುಬು ಮೊದಲು ಬಂತು? ತಂದಿಡುವಾಗ ಯಾವ ಕೀಲು ಇನ್ನೂ ಕೂಡಿಕೊಂಡಿತ್ತು? ಇದನ್ನು ತಿಳಿಯಲು ಪ್ರತಿ ತುಣುಕು ಎಲ್ಲಿ, ಎಷ್ಟು ಆಳದಲ್ಲಿ, ಯಾವ ಕಡೆ ವಾಲಿತ್ತು ಎಂಬುದು ಬೇಕು. ವೀಲರ್ ತಮ್ಮ ಕಾಲಕ್ಕೆ ಅತ್ಯಂತ ಶಿಸ್ತಿನ ಮನುಷ್ಯ. ಆದರೂ ಅವರು ಬಿಚ್ಚಿದ ಗೋರಿಯನ್ನು ಇನ್ನೊಮ್ಮೆ ಬಿಚ್ಚಲಾಗದು.

ಈಗಿನವರು ಮಾಡುವುದನ್ನು ಗುಂಡಿಯ ಅಂಚಿನಲ್ಲಿ ನಿಂತು ನೋಡಿದ್ದೇನೆ. ಬಿದಿರಿನ ಕಡ್ಡಿಯಿಂದ, ಬ್ರಷ್ಷಿನಿಂದ ಮಣ್ಣು ಸರಿಸುತ್ತಾರೆ. ಅಸ್ಥಿಪಂಜರದ ಸುತ್ತ ಕಪ್ಪು-ಬಿಳುಪಿನ ಚೌಕಗಳನ್ನಿಟ್ಟು ಒಂದೊಂದರ ಸ್ಥಾನವನ್ನೂ ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದಿಂದ ಅಳೆಯುತ್ತಾರೆ. ಆಮೇಲೆ ಬಿಸಿಲು ನೇರ ಬೀಳದಂತೆ ಬಟ್ಟೆ ಹಿಡಿದು, ಒಂದು ಫೋಟೋದ ಬಹುಭಾಗ ಮುಂದಿನದರಲ್ಲೂ ಬರುವಂತೆ, ಸುತ್ತ ಬಗ್ಗಿ ಬಗ್ಗಿ ತೆಗೆಯುತ್ತಾರೆ. ಕಂಪ್ಯೂಟರು ಅವನ್ನು ಹೊಂದಿಸಿ ಮೂರು ಆಯಾಮದ ಮಾದರಿ ಕಟ್ಟುತ್ತದೆ. ಒಂದು ಪದರ ಎತ್ತಿದ ಮೇಲೆ ಮತ್ತೆ ಅದೇ ಕೆಲಸ.

ಇಷ್ಟೆಲ್ಲ ಏಕೆಂದರೆ, ಮಂಡಿಚಿಪ್ಪು ಇದ್ದಲ್ಲೇ ಇದ್ದರೆ ದೇಹದ ಸುತ್ತ ಮಣ್ಣು ಬೇಗ ತುಂಬಿತ್ತೆಂದು ಊಹಿಸಬಹುದು. ಜಾರಿ ಪಕ್ಕಕ್ಕೆ ಬಿದ್ದಿದ್ದರೆ, ಸೊಂಟದ ಎಲುಬುಗಳು ಬಿಚ್ಚಿ ಹರಡಿದ್ದರೆ, ದೇಹ ಕರಗುವಾಗ ಸುತ್ತ ಟೊಳ್ಳಿತ್ತು. ಕಲ್ಚಪ್ಪಡಿ ನಿಲ್ಲಿಸಿ ಕಿಂಡಿ ಕೊರೆದ ನಮ್ಮ ಗೋರಿಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಆ ಕಿಂಡಿಯಿಂದ ಮತ್ತೆ ಮತ್ತೆ ಎಲುಬು ಸೇರಿಸಿದರೇ ಎಂಬುದಕ್ಕೆ ಸಾಕ್ಷಿ ಹೇಳಬೇಕಾದದ್ದು ಇಂಥ ಒಂದೆರಡು ಬೆರಳಿನ ವ್ಯತ್ಯಾಸಗಳೇ.

ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯನ್ನು ನೋಡಿ. 2013ರಲ್ಲಿ ಅಲ್ಲಿ ಆರು ಮಂದಿ ಹೆಣ್ಣುಮಕ್ಕಳು ಸುಮಾರು 18 ಸೆಂಟಿಮೀಟರಿನಷ್ಟೇ ಅಗಲವಾಗುವ ಬಿರುಕಿನಲ್ಲಿ ನುಸುಳಿ ಇಳಿದರು. ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಎಲುಬುಗಳು ಇದ್ದ ಸ್ಥಿತಿಯನ್ನು ದಾಖಲಿಸಿದರು. ಆ ಬಿರುಕಿನಲ್ಲಿ ಹಿಡಿಯದ ಹಿರಿಯರು ಮೇಲೆ ಕುಳಿತೇ ನೋಡಿದರು. ಸಾವಿರದೈನೂರಕ್ಕೂ ಹೆಚ್ಚು ತುಣುಕುಗಳು, ಕನಿಷ್ಠ 15 ಜೀವಗಳವು. 2015ರಲ್ಲಿ ಅವನ್ನು ಹೊಸದೊಂದು ಆದಿಮಾನವ ಪ್ರಭೇದವೆಂದು ಗುರುತಿಸಿ ಹೋಮೋ ನಲೇಡಿ ಎಂದು ಹೆಸರಿಟ್ಟಾಗ ಪ್ರಮುಖ ಎಲುಬುಗಳ ಮಾದರಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿಟ್ಟರು. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಸಂಸ್ಕಾರದ ಮಾತು. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿನಡಿ ಸಿಕ್ಕಿತು. ಗುಂಡಿ ಗಿಡ್ಡವಾಗಿ ತಲೆ ಮೇಲಕ್ಕೆ ಒರಗಿತ್ತು. ಅವಸರದಲ್ಲಿ ಹೂತದ್ದು ಅದರಿಂದಲೇ ಗೊತ್ತಾಗುತ್ತದೆ. 2015ರಲ್ಲಿ ಅವನನ್ನು ಚರ್ಚಿನಲ್ಲಿ ಗೌರವದಿಂದ ಮತ್ತೆ ಮಣ್ಣುಮಾಡಿದರು. ಆ ಗೋರಿಯ ಮೂರು ಆಯಾಮದ ಮಾದರಿ ಮಾತ್ರ ಎಲ್ಲರಿಗೂ ನೋಡಲು ಸಿಗುತ್ತದೆ. ದಾಖಲೆ ಪೂರ್ತಿಯಾಗಿದ್ದಷ್ಟೂ ಎಲುಬನ್ನು ಮಣ್ಣಿಗೆ ಮರಳಿಸುವುದು ಸುಲಭವಾಗುತ್ತದೆ. ಉಗ್ರಾಣದ ಮೂಲೆಯಲ್ಲಿ, ಚೀಟಿ ಉದುರಿದ ತಗಡಿನ ಪೆಟ್ಟಿಗೆಯಲ್ಲಿ ನಮ್ಮ ಪೂರ್ವಿಕರ ತಲೆಬುರುಡೆ ಧೂಳು ತಿನ್ನುವುದು ನಿಮಗೆ ಸಂಸ್ಕಾರವಾಗಿ ಕಂಡೀತೇ, ಮಾಸ್ತರೇ? ನಿಮ್ಮ ಸಿಟ್ಟು ಆ ಕಡೆ ತಿರುಗಬೇಕಿತ್ತು.

ತಿರುಗಬೇಕಾದ ಕಡೆಗಳು ಇನ್ನೂ ಇವೆ. ಉತ್ಖನನ ಮುಗಿದು ದಶಕಗಳಾದರೂ ವರದಿ ಹೊರಬರದಿರುವುದು ನಮ್ಮ ದೇಶದ ಹಳೆಯ ರೋಗ. ಅಗೆದವರು ನಿವೃತ್ತರಾಗುತ್ತಾರೆ, ಟಿಪ್ಪಣಿ ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತದೆ. ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪ್ಪಗಲ್ಲಿನಲ್ಲಿ ನವಶಿಲಾಯುಗದ ಗುಡ್ಡವನ್ನೇ ಕಲ್ಲುಕ್ವಾರಿ ಕಚ್ಚಿತು. ಹಿರೇಬೆಣಕಲ್ಲಿನಲ್ಲಿ ಸುಮಾರು 400 ಶಿಲಾಗೋರಿಗಳಿವೆ, ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಪಟ್ಟಿಗೆ ಸೇರದ ಕಲ್ಗೋರಿಗಳು ನಮ್ಮ ಹೊಲಗಳಲ್ಲಿ ಇನ್ನೆಷ್ಟೋ! ನಿಧಿಗಳ್ಳರ ಹಾರೆಗೂ ಜೆಸಿಬಿಗೂ ಅವು ಸಿಗುವ ಮೊದಲು ಡ್ರೋನಿನ ಕಣ್ಣಿಗಾದರೂ ಸಿಗಲಿ.

ಡಿಜಿಟಲ್ ದಾಖಲೆಯೂ ಯಾರದೋ ಹಾರ್ಡ್ ಡಿಸ್ಕಿನಲ್ಲಿ ಕೊಳೆತರೆ ಗೆದ್ದಲು ತಿಂದ ಟಿಪ್ಪಣಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಆದ್ದರಿಂದ ನಮ್ಮ ನಾಡಿನಲ್ಲಿ ಯಾರಿಗೇ ಉತ್ಖನನದ ಅನುಮತಿ ಕೊಟ್ಟರೂ ಒಂದು ಷರತ್ತಿರಲಿ: ಕೆಲಸ ಮುಗಿದ ವರ್ಷದೊಳಗೆ ಮಾದರಿಗಳು, ನಕ್ಷೆಗಳು ಕನ್ನಡ ವಿವರಣೆಯೊಂದಿಗೆ ಸಾರ್ವಜನಿಕರಿಗೆ ಸಿಗಬೇಕು. ಮಾದರಿಯ ಪಕ್ಕದಲ್ಲಿ ಕೈಬರಹದ ಚಿತ್ರವೂ ಇರಬೇಕೆಂದು ನಿಮ್ಮ ಪತ್ರ ಓದಿದ ಮೇಲೆ ಸೇರಿಸಿದ್ದೇನೆ. ಸರ್ಕಾರಕ್ಕೆ ಬರೆದ ಈ ಮನವಿಯ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ಸಹಿ ಹಾಕಿ, ನಿಮ್ಮ ಹಳೆಯ ವಿದ್ಯಾರ್ಥಿಗಳಿಂದಲೂ ಹಾಕಿಸಿ ಕಳಿಸಿಕೊಡಿ.

— ಸಂ.