ಲಾಕ್‌ಗೆ ಡಿಪಿ ಯಾಕಿಲ್ಲ?

ಓದುಗರ ಪತ್ರ: "ಸಂಪಾದಕರೇ, ನಾನು 32 ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮೊಮ್ಮಗಳು ಈಗ ಬಿಎ ಓದುತ್ತಿದ್ದಾಳೆ. ಯಾರು ಆಳಬೇಕು, ಯಾಕೆ ಆಳಬೇಕು ಅಂತ ಬರೆದ ಯುರೋಪಿನ ಹಳೆಯ ಚಿಂತಕರಾದ ಹಾಬ್ಸ್, ಲಾಕ್, ರೂಸೋ ಮೂವರೂ ಒಂದೇ ವಾಟ್ಸಾಪ್ ಗ್ರೂಪ್‌ನಲ್ಲಿದ್ದರೆ ಏನು ಮಾತಾಡುತ್ತಿದ್ದರು ಅಂತ ಬರೆದು ತರುವುದು ಅವಳ ಪ್ರಾಜೆಕ್ಟಂತೆ. ಅವಳು ಮಾಡಿದ್ದರ ಎರಡು ಪುಟ ಪ್ರಿಂಟ್ ಇದರ ಜೊತೆ ಇಟ್ಟಿದ್ದೇನೆ. ಹಾಬ್ಸ್‌ಗೆ ಯಾವುದೋ ದೈತ್ಯ ರಾಜನ ಡಿಪಿ. ಲಾಕ್‌ಗೆ ಡಿಪಿಯೇ ಇಲ್ಲ, ಹೆಸರೂ ಇಲ್ಲ, ಬರೀ ನಂಬರ್. ರೂಸೋ ಜಗಳ ಮಾಡಿಕೊಂಡು ಗ್ರೂಪ್ ಬಿಟ್ಟು ಹೋಗುತ್ತಾನೆ. ಹಾಬ್ಸ್ ಸತ್ತು 33 ವರ್ಷ ಆದಮೇಲೆ ರೂಸೋ ಹುಟ್ಟಿದ್ದು ಎಂಬುದಾದರೂ ಗೊತ್ತಿರಬೇಡವೇ? ನಾವು ಮೂಲ ಪುಸ್ತಕ ಓದಿ ಕಲಿತವರು. ಇದು ಪಾಠವೋ, ಮಕ್ಕಳಾಟವೋ?" - ನಿವೃತ್ತ ಉಪನ್ಯಾಸಕರು, ಸಾಗರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊಮ್ಮಗಳ ಆ ಎರಡು ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿಮಗೆ ಬೇಜಾರಾಗಬಹುದು, ಆದರೂ ಹೇಳಿಬಿಡುತ್ತೇನೆ. ಅವಳು ಮಾಡಿದ್ದನ್ನು ನೀವು ಸರಿಯಾಗಿ ನೋಡಿಲ್ಲ.

ಮೊದಲು ಲಾಕ್‌ನ ಡಿಪಿ ವಿಷಯ. 1683ರಲ್ಲಿ ಇಂಗ್ಲೆಂಡಿನಲ್ಲಿ ಆಲ್ಜರ್ನನ್ ಸಿಡ್ನಿ ಎಂಬಾತನ ತಲೆ ಕಡಿದರು, ರಾಜನ ವಿರುದ್ಧ ಪಿತೂರಿ ಮಾಡಿದ ಅಂತ. ಅವನ ಮನೆಯಲ್ಲಿ ಸಿಕ್ಕ, ಇನ್ನೂ ಅಚ್ಚಾಗದ ಬರಹವನ್ನೇ ಅವನ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದರು. ರಾಜನಿಗಿಂತ ಜನ ದೊಡ್ಡವರು ಅಂತ ಅದರಲ್ಲಿ ಬರೆದಿದ್ದ. ಅದೇ ವರ್ಷ ಲಾಕ್ ಹಾಲೆಂಡ್‌ಗೆ ಓಡಿಹೋದ. ವಾಪಸ್ ಬಂದದ್ದು 1689ರಲ್ಲಿ. ಆ ವರ್ಷ ಸರ್ಕಾರದ ಬಗೆಗಿನ ಅವನ ಎರಡು ಪ್ರಬಂಧಗಳು ಅಚ್ಚಾದವು, ಪುಸ್ತಕದ ಮೇಲೆ ಅವನ ಹೆಸರಿರಲಿಲ್ಲ. ಅದು ತನ್ನದೇ ಅಂತ ಅವನು ಒಪ್ಪಿಕೊಂಡದ್ದು 1704ರಲ್ಲಿ, ಸಾಯುವ ಮುಂಚೆ ಬರೆಸಿದ ಉಯಿಲಿನಲ್ಲಿ. ಈಗ ಹೇಳಿ ಮೇಷ್ಟ್ರೇ, ಹೆಸರಿಲ್ಲದ, ಮುಖವಿಲ್ಲದ, ಬರೀ ನಂಬರ್ ಇರುವ ಲಾಕ್! ಆ ಹುಡುಗಿ ಎಷ್ಟು ಹುಡುಕಿರಬೇಕು ಇದಕ್ಕೆ?

ಹಾಬ್ಸ್‌ನ ಡಿಪಿಯೂ ಅವಳ ಕಲ್ಪನೆಯದ್ದಲ್ಲ. 1651ರ 'ಲೆವಿಯಾಥನ್' ಪುಸ್ತಕದ ಮೊದಲ ಪುಟದಲ್ಲೇ ಅದು ಇದೆ. ಬೆಟ್ಟದಾಚೆಯಿಂದ ಎದ್ದು ನಿಂತ ರಾಜ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಧರ್ಮಗುರುವಿನ ದಂಡ. ಹತ್ತಿರದಿಂದ ನೋಡಿದರೆ ಅವನ ಎದೆ, ತೋಳು ಎಲ್ಲ ಪುಟ್ಟ ಪುಟ್ಟ ಮನುಷ್ಯರು. ಎಲ್ಲರೂ ನಮಗೆ ಬೆನ್ನು ಹಾಕಿ ಅವನ ಮುಖದ ಕಡೆ ತಿರುಗಿದ್ದಾರೆ. ಅಷ್ಟು ದಪ್ಪ ಪುಸ್ತಕದ ತಿರುಳನ್ನು ಒಂದೇ ಚಿತ್ರದಲ್ಲಿ ಹೇಳಬೇಕು ಅಂತ ಆ ಕಾಲದಲ್ಲೇ ಅನಿಸಿತ್ತು ನೋಡಿ. ಇನ್ನು ರೂಸೋ. ಅವನ ಕಾಲದ ಲೇಖಕರಾದ ದಿದೆರೋ ಜೊತೆ ಮುನಿಸು, ವೋಲ್ಟೇರ್ ಜೊತೆ ಮುನಿಸು. 1766ರಲ್ಲಿ ಚಿಂತಕ ಡೇವಿಡ್ ಹ್ಯೂಮ್ ಅವನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ನೆಲೆ ಕೊಡಿಸಿದರೆ, ಕೆಲವೇ ತಿಂಗಳಲ್ಲಿ ಅವನ ಮೇಲೂ ಪಿತೂರಿಯ ಅನುಮಾನ. ಮಾರನೇ ವರ್ಷ ಫ್ರಾನ್ಸಿಗೆ ವಾಪಸ್. ಅವನು ಗ್ರೂಪ್ ಬಿಡದೆ ಇನ್ನೇನು ಮಾಡುತ್ತಾನೆ?

33 ವರ್ಷದ ಅಂತರ ನಿಜ. ಆದರೆ 1755ರಲ್ಲಿ ಅಸಮಾನತೆಯ ಬಗ್ಗೆ ಬರೆಯುವಾಗ ರೂಸೋ ಹಾಬ್ಸ್‌ನ ಹೆಸರು ಹಿಡಿದೇ ವಾದಕ್ಕೆ ಇಳಿಯುತ್ತಾನೆ. ಊರಲ್ಲಿ ಹುಟ್ಟಿದ ದುರಾಸೆಯನ್ನು ಹಾಬ್ಸ್ ತಂದು ಕಾಡಿನ ಮನುಷ್ಯನ ತಲೆಗೆ ಕಟ್ಟಿದ್ದಾನೆ ಅನ್ನೋದು ಅವನ ತಕರಾರು. ಸತ್ತವನ ಜೊತೆ ಜಗಳ ಶುರು ಮಾಡಿದ್ದು ರೂಸೋನೇ. ನಿಮ್ಮ ಮೊಮ್ಮಗಳು ಅದನ್ನು ಫೋನಿಗೆ ತಂದಳು, ಅಷ್ಟೆ.

ನಿಮ್ಮ ಆತಂಕದಲ್ಲೂ ಹುರುಳಿದೆ. ಪುಸ್ತಕ ಮುಟ್ಟದೆ, ಎಐಗೆ ಹೇಳಿ ಬರೆಸಿ, ಹಿಂದೊಂದು ಹಾಡು ಹಾಕಿ ಮೂವತ್ತು ಸೆಕೆಂಡಿನ ರೀಲ್ ಮಾಡಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಅಂಥವರನ್ನು ಎದುರು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ. ಅದು ಮೇಷ್ಟ್ರ ಕೆಲಸ.

ನಾನು ಬಿಎ ಓದುವಾಗ ಏನಾಗುತ್ತಿತ್ತು ಗೊತ್ತಾ? ಪಾಠ ಅಂದರೆ ನೋಟ್ಸ್. ಮೇಷ್ಟ್ರು ನಿಧಾನಕ್ಕೆ ಹೇಳುವುದು, ನಾವು ತಲೆ ಎತ್ತದೆ ಬರೆದುಕೊಳ್ಳುವುದು. 'ಹಾಬ್ಸ್‌ನ ಸಾಮಾಜಿಕ ಒಪ್ಪಂದ ಸಿದ್ಧಾಂತದ ಲಕ್ಷಣಗಳು' ಅಂತ ಏಳು ಪಾಯಿಂಟ್. ಜನ ತಾವೇ ಒಪ್ಪಂದ ಮಾಡಿಕೊಂಡು ಅಧಿಕಾರ ಕೊಟ್ಟರು ಅನ್ನುವ ವಾದ ಅದು. ಬಾಯಿಪಾಠ ಮಾಡಿದೆ, ಒಳ್ಳೆ ಮಾರ್ಕ್ಸೂ ಬಂತು. ಹಾಬ್ಸ್ 'ಲೆವಿಯಾಥನ್' ಅನ್ನು ಪ್ಯಾರಿಸ್‌ನಲ್ಲಿ ಕೂತು ಬರೆದ, ಆಗ ಅವನ ದೇಶ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, 1649ರಲ್ಲಿ ಅಲ್ಲಿನ ರಾಜನನ್ನೇ ಜನರೆದುರು ಕೊಂದರು ಅಂತ ಯಾರೂ ಹೇಳಲಿಲ್ಲ. ಭಯಪಟ್ಟ ಮನುಷ್ಯ ಬರೆದ ಪುಸ್ತಕ ಅದು. ಆ ಭಯವೇ ನಮ್ಮ ನೋಟ್ಸಿನಲ್ಲಿ ಇರಲಿಲ್ಲ.

ನಿಮ್ಮ ಕಡೆ ತಾಳಮದ್ದಳೆ ನೋಡದವರು ಯಾರಿದ್ದಾರೆ? ನಮ್ಮ ಸೋದರಮಾವ ಅರ್ಥ ಹೇಳುತ್ತಿದ್ದರು. ಶನಿವಾರ ರಾತ್ರಿ ಕರ್ಣ ಅಂತ ಗೊತ್ತಾದರೆ ಸೋಮವಾರದಿಂದಲೇ ತಯಾರಿ. ಅಡಿಕೆ ಸುಲಿಯುತ್ತಾ ಕೂತಲ್ಲೇ ತುಟಿ ಅಲ್ಲಾಡುತ್ತಿತ್ತು. ನಡುವೆ ಕೈ ನಿಲ್ಲಿಸಿ, "ಕೃಷ್ಣ ಹೀಗೆ ಕೇಳಿದರೆ ಕರ್ಣ ಏನು ಹೇಳಿಯಾನು?" ಅಂತ ಅತ್ತೆಯನ್ನು ಕೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಎದುರಿನವನು ಏನು ಕೇಳುತ್ತಾನೋ ಮೊದಲೇ ಗೊತ್ತಿಲ್ಲ. ಪಾತ್ರ ಬಿಟ್ಟು ಒಂದು ಮಾತು ಆಚೆ ಹೋದರೂ ಸಭೆಗೆ ಗೊತ್ತಾಗಿಬಿಡುತ್ತದೆ. ಮುಂದಿನ ವಾರ ಅದೇ ಮಾವ ಅರ್ಜುನನ ಪರ ಮಾತಾಡಬೇಕು. ನಿಮ್ಮ ಮೊಮ್ಮಗಳು ಮಾಡಿದ್ದು ಇದನ್ನೇ ಅಲ್ವಾ? ಏಳು ಪಾಯಿಂಟ್ ಬರೆಯೋಕೆ ನೆನಪಿನ ಶಕ್ತಿ ಸಾಕು. ಹಾಬ್ಸ್ ಯಾವ ಮಾತು ಆಡುತ್ತಾನೆ, ಯಾವುದನ್ನು ಸತ್ತರೂ ಆಡುವುದಿಲ್ಲ ಅಂತ ಗೊತ್ತಿಲ್ಲದೆ ಅವನ ಹೆಸರಲ್ಲಿ ಒಂದು ಮೆಸೇಜ್ ಕೂಡ ಬರೆಯೋಕಾಗಲ್ಲ.

ಅವಳ ಮೊದಲ ಪುಟವನ್ನೇ ನೋಡಿ. ಹಾಬ್ಸ್: "ಅಡ್ಮಿನ್ ಒಬ್ಬನೇ ಇರಬೇಕು. ಇಲ್ಲಾಂದ್ರೆ ಎಲ್ಲರೂ ಕಿತ್ತಾಡಿ ಸಾಯ್ತೀರಿ." ಲಾಕ್: "ನಾವು ಒಪ್ಪಿದ್ದಕ್ಕೆ ಅವನು ಅಡ್ಮಿನ್ ಆಗಿದ್ದು. ನಂಬಿಕೆ ಮುರಿದ್ರೆ ತೆಗೀತೀವಿ." ರೂಸೋ: "ಎಲ್ಲರೂ ಅಡ್ಮಿನ್ ಆಗೋಣ." ಮೂರು ಸಾಲು, ಮೇಷ್ಟ್ರೇ! ನನ್ನ ಮೂರು ವರ್ಷದ ನೋಟ್ಸ್‌ನಲ್ಲಿ ಇಷ್ಟು ನೇರವಾಗಿ ಒಂದು ಕಡೆಯೂ ಇರಲಿಲ್ಲ.

ದೊಡ್ಡ ಚಿಂತಕರೂ ತಮ್ಮ ಕಾಲದ ಜನರಿಗೆ ಕೈಗೆಟುಕುವ ದಾರಿಯನ್ನೇ ಹಿಡಿದರು. ಪ್ಲೇಟೋ ಬರೆದದ್ದೆಲ್ಲ ಹೆಚ್ಚುಕಮ್ಮಿ ಸಂಭಾಷಣೆಯೇ. ಗಾಂಧೀಜಿ 1909ರ ನವೆಂಬರ್‌ನಲ್ಲಿ ಹಡಗಿನಲ್ಲಿ ಕೂತು 'ಹಿಂದ್ ಸ್ವರಾಜ್' ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಅದು ಇರುವುದು ಹೇಗೆ? ಓದುಗ ಕೇಳುತ್ತಾನೆ, ಸಂಪಾದಕ ಉತ್ತರ ಹೇಳುತ್ತಾನೆ. ಅಂಬೇಡ್ಕರ್ 1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ತಂದಾಗ ಮೊದಲ ಸಂಚಿಕೆಯಲ್ಲೇ ಒಂದು ಚಿತ್ರ ಕಣ್ಣಿಗೆ ಕಟ್ಟಿಕೊಟ್ಟರು. ಹಿಂದೂ ಸಮಾಜ ಒಂದು ಗೋಪುರ, ಒಂದೊಂದು ಮಹಡಿಗೆ ಒಂದೊಂದು ಜಾತಿ, ಮೇಲೆ ಹೋಗಲು ಮೆಟ್ಟಿಲಿಲ್ಲ, ಹುಟ್ಟಿದ ಮಹಡಿಯಲ್ಲೇ ಸಾವು. ಇದನ್ನು ಕೇಳಿದ ಯಾವ ಹಳ್ಳಿ ಹುಡುಗ ಮರೆಯುತ್ತಾನೆ ಹೇಳಿ?

ನನ್ನ ಸಂಕಟ ಬೇರೆಯೇ ಇದೆ. ನೀವು ಮೂಲ ಓದಿದಿರಿ, ಸಂತೋಷ. ಕನ್ನಡ ಮಾಧ್ಯಮದಲ್ಲಿ ಬಿಎ ಮಾಡುವ ಹುಡುಗಿಗೆ ತಾಲೂಕು ಕಾಲೇಜಿನ ಲೈಬ್ರರಿಯಲ್ಲಿ ಸಿಗುವುದು ಗೈಡ್. ಅದರಲ್ಲಿ ಹಾಬ್ಸ್‌ನ ಒಂದು ಪೂರ್ತಿ ಪುಟವೂ ಇರುವುದಿಲ್ಲ. ಪಾಠ ಮಾಡುವವರು ಎಷ್ಟೋ ಕಡೆ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅಂತ ಪ್ರತಿ ವರ್ಷ ಎದುರು ನೋಡುವವರು. ಇಂಥದ್ದರ ನಡುವೆ ಒಬ್ಬ ಮೇಡಂ ನೋಟ್ಸ್ ಬಿಟ್ಟು ಹೊಸದೊಂದು ಪ್ರಾಜೆಕ್ಟ್ ಯೋಚಿಸಿ, ಅಷ್ಟೂ ಮಕ್ಕಳದ್ದು ಓದಿ ತಿದ್ದುತ್ತಾರೆ ಅಂದರೆ ನಾವು ಕೈ ಮುಗಿಯಬೇಕು. ಮನೆಯಲ್ಲೋ, "ಬಿಎ ಮಾಡಿ ಏನು ಉದ್ಧಾರ ಆಗ್ತೀಯಾ" ಅನ್ನುವ ಮಾತು. ಯಾರು ಆಳಬೇಕು, ಯಾಕೆ ಕೇಳಬೇಕು, ಯಾವಾಗ ಬೇಡ ಅನ್ನಬೇಕು ಅನ್ನುವುದನ್ನು ಕಲಿಸುವ ಒಂದೇ ವಿಷಯವನ್ನು ನಾವು ಸೀಟು ಸಿಗದವರ ವಿಷಯ ಮಾಡಿಟ್ಟಿದ್ದೇವೆ. ನನಗೆ ಸಿಟ್ಟು ಬರುವುದು ಇದಕ್ಕೆ, ಡಿಪಿಗಲ್ಲ.

ಕೊನೆಗೊಂದು ಕೋರಿಕೆ. ಎರಡನೇ ಪುಟದ ತುದಿಯಲ್ಲಿ ಲಾಕ್ ಕೇಳುತ್ತಾನೆ: "ನರಿ, ಕಾಡುಬೆಕ್ಕಿಗೆ ಹೆದರಿ ಸಿಂಹದ ಬಾಯಿಗೆ ಬೀಳೋಕೆ ಜನ ಅಷ್ಟು ದಡ್ಡರಾ?" ಅದು ಲಾಕ್ ನಿಜವಾಗಿ ಬರೆದ ಮಾತಿನದೇ ಸಾರ, ಸಿಂಹ ಅಂದರೆ ಅಂಕೆಯಿಲ್ಲದ ರಾಜ. ಅಲ್ಲಿಗೆ ಪುಟ ಮುಗಿದಿದೆ. ಹಾಬ್ಸ್ ಏನು ಹೇಳಿದ ಅಂತ ನೋಡಬೇಕು, ಮೂರನೇ ಪುಟ ಕಳಿಸಿಕೊಡಿ. ಅವಳು ಇನ್ನೂ ಬರೆದಿಲ್ಲವಾದರೆ ನಿಮ್ಮ ಹಳೆಯ 'ಲೆವಿಯಾಥನ್' ತೆಗೆದು 21ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿ. ರಾಜ ನ್ಯಾಯವಾಗಿಯೇ ಶಿಕ್ಷೆ ಕೊಟ್ಟಿದ್ದರೂ, ಕೊಲ್ಲಲು ಬಂದವರನ್ನು ತಡೆಯುವ ಸ್ವಾತಂತ್ರ್ಯ ಆ ಮನುಷ್ಯನಿಗೆ ಉಳಿದಿರುತ್ತದೆ ಅಂತ ಹಾಬ್ಸ್ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಅದನ್ನು ಓದಿದ ಮೇಲೆ ಅವಳು ಹಾಬ್ಸ್ ಕೈಯಲ್ಲಿ ಏನು ಟೈಪ್ ಮಾಡಿಸುತ್ತಾಳೆ ಅಂತ ನನಗೆ ತಿಳಿಸಿ.

- ಸಂಪಾದಕ