ಕಲ್ಲಿನ ಮೇಲೆ ಕೆತ್ತಿದ ಕಿವಿ

ಓದುಗರ ಪತ್ರ: ಹಳೆಯ ನಾಗರಿಕತೆಗಳ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ದೇವರು, ಪೂಜೆಗೆ ಅಷ್ಟೊಂದು ಪುಟ ಯಾಕೆ? ಗುಡುಗು ಸಿಡಿಲಿಗೆ ಹೆದರಿದ ಜನ ದೇವರನ್ನು ಕಲ್ಪಿಸಿಕೊಂಡರು. ಆ ಹೆದರಿಕೆಯಿಂದ ಪುರೋಹಿತರೂ ರಾಜರೂ ಬೇಳೆ ಬೇಯಿಸಿಕೊಂಡರು. ಇಷ್ಟೇ ಅಲ್ವಾ?

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. ಈಜಿಪ್ಟಿನಲ್ಲಿ ಅಮುನ್ ದೇವರ ಗುಡಿಗಳ ಕೈಯಲ್ಲಿ ಲೆಕ್ಕವಿಲ್ಲದಷ್ಟು ಹೊಲವಿತ್ತು. ರಾಜರು ತಮ್ಮನ್ನೇ ದೇವರೆಂದು ಸಾರಿಕೊಂಡರು. ಒಪ್ಪೋಣ. ಆದರೆ ಕೊನೆಯ ಆ ‘ಇಷ್ಟೇ’ ಇದೆಯಲ್ಲ, ಅದು ಎರಡು ದಿನ ನನ್ನನ್ನು ಬಿಡಲಿಲ್ಲ.

ಬಹಳ ವರ್ಷಗಳ ಹಿಂದೆ ಒಂದು ಮ್ಯೂಸಿಯಂನಲ್ಲಿ ಅಂಗೈಯಗಲದ ಕಲ್ಲೊಂದನ್ನು ನೋಡಿದೆ. ಅದರ ಮೇಲೆ ಕಿವಿ ಕೆತ್ತಿದ್ದರು. ಮುಖವಿಲ್ಲ, ಕಣ್ಣಿಲ್ಲ, ಬರೀ ಕಿವಿ. ಹಾಲೆಯ ಮಡಿಕೆ ಕೂಡ ತಪ್ಪದೆ ಮೂಡಿತ್ತು. ಅದು ದೇವರ ಕಿವಿ. ‘ನನ್ನ ಮಾತು ಕೇಳಪ್ಪಾ’ ಎಂದು ಯಾರೋ ಹರಕೆಗೆ ಕೊಟ್ಟಿದ್ದು. ಈಜಿಪ್ಟಿನ ಮೆಂಫಿಸ್ ನಗರದಲ್ಲಿ ಪ್ತಾಹ್ ದೇವರಿಗೆ ಇಂಥ ಕಲ್ಲುಗಳನ್ನು ಒಪ್ಪಿಸುತ್ತಿದ್ದರು. ರಾಜರ ಗೋರಿ ಕೊರೆಯುವ ಕೆಲಸಗಾರರ ಊರಾದ ದೇರ್ ಎಲ್-ಮದೀನಾದಲ್ಲೂ ಸಿಕ್ಕಿವೆ. ಕೆಲವದರಲ್ಲಿ ಒಂದೆರಡಲ್ಲ, ಸಾಲುಸಾಲು ಕಿವಿ.

ಇವರು ಸುಮ್ನೆ ಹೆದರಿ ಮೂಲೆ ಸೇರುವ ಜನವೇ? ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ ಇದೇ ಊರಿನವರಿಗೆ ಕೂಲಿಯ ಧಾನ್ಯ ಬರಲಿಲ್ಲ. ಕೆಲಸ ಬಿಟ್ಟು ಎದ್ದುಹೋಗಿ ರಾಜರ ಗುಡಿಯ ಹಿಂದೆ ಕುಳಿತರು. ‘ತಿಂಗಳಲ್ಲಿ 18 ದಿನ ಕಳೆಯಿತು, ನಮಗೆ ಹಸಿವು’ ಎಂದರು. ನಮಗೆ ಗೊತ್ತಿರುವ ಮೊದಲ ಮುಷ್ಕರ ಅದು. ನೆರೆಹೊರೆಯ ಜಗಳ, ಕಳ್ಳತನದ ದೂರು ಬಂದರೆ ಇವರು ದೇವರಾಗಿ ಪೂಜೆ ಪಡೆಯುತ್ತಿದ್ದ ಹಿಂದಿನ ರಾಜ ಮೊದಲನೇ ಅಮೆನ್‌ಹೊಟೆಪ್‌ನ ಮೂರ್ತಿಯ ಮುಂದೆ ನಿಲ್ಲುತ್ತಿದ್ದರು. ಹೊತ್ತವರ ಹೆಗಲ ಮೇಲೆ ಮೂರ್ತಿ ಮುಂದೆ ಸರಿದರೆ ಹೌದು, ಹಿಂದೆ ಸರಿದರೆ ಅಲ್ಲ. ಅದೇ ಈಜಿಪ್ಟಿನ ಥೀಬ್ಸ್ ನಗರದ ಇನ್ನೊಂದು ಪ್ರಕರಣ ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ ಉಳಿದಿದೆ. ಒಬ್ಬನನ್ನು ದೇವರು ಕಳ್ಳ ಎಂದು ತೋರಿಸಿತು. ಅವನು ‘ಸುಳ್ಳು’ ಎಂದವನೇ ಇನ್ನೊಂದು ಗುಡಿಯ ದೇವರ ಹತ್ತಿರ ಹೋದ! ಹೆದರಿದವನು ದೇವರಿಗೆ ಎದುರಾಡುತ್ತಾನಾ? ಇದು ಸಲುಗೆ. ಮನೆಯ ಹಿರಿಯರ ಜೊತೆ ಇರುವಂಥ ಸಲುಗೆ.

ಇರಾಕಿನ ಟೆಲ್ ಅಸ್ಮರ್‌ನಲ್ಲಿ 1930ರ ದಶಕದಲ್ಲಿ ಗುಡಿಯ ನೆಲದಡಿ 12 ಕಲ್ಲಿನ ಮೂರ್ತಿಗಳು ಸಿಕ್ಕವು. ಸುಮಾರು 4,700 ವರ್ಷ ಹಳೆಯವು. ಎದೆಯ ಮುಂದೆ ಜೋಡಿಸಿದ ಕೈ, ಬಟ್ಟಲಗಲ ಕಣ್ಣು. ಇವುಗಳಲ್ಲಿ ಹೆಚ್ಚಿನವು ದೇವರಲ್ಲ, ಭಕ್ತರು. ಕುರಿ, ಹೊಲ, ಮಕ್ಕಳನ್ನು ಬಿಟ್ಟು ದಿನವಿಡೀ ಗುಡಿಯಲ್ಲಿ ನಿಲ್ಲಲು ಯಾರಿಗೆ ಪುರುಸೊತ್ತು? ತಮ್ಮ ಬದಲಿಗೆ ಒಂದು ಮೂರ್ತಿ ನಿಲ್ಲಿಸಿ ಮನೆಗೆ ಹೋದರು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಗುಡಿ ಎಂದರೆ ಬರೀ ಪೂಜೆಯೂ ಆಗಿರಲಿಲ್ಲ. ಇರಾಕಿನದೇ ಹಳೆಯ ಉರುಕ್ ನಗರದಲ್ಲಿ ಇನಾನ್ನಾ ದೇವತೆಯ ಗುಡಿಯ ಆವರಣದಲ್ಲಿ ಕ್ರಿ.ಪೂ. 3200ರ ಹೊತ್ತಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಜಗತ್ತಿನ ಅತಿ ಹಳೆಯ ಬರಹಗಳಲ್ಲಿ ಅವೂ ಸೇರಿವೆ. ಅದರಲ್ಲಿ ಮಂತ್ರವಿಲ್ಲ. ಬಾರ್ಲಿ ಎಷ್ಟು, ಕುರಿ ಎಷ್ಟು, ಬಿಯರ್ ಎಷ್ಟು ಎಂಬ ಲೆಕ್ಕ.

ನೀವು ಜಾಸ್ತಿ ಓದುವವರು, ಪತ್ರದಲ್ಲೇ ಗೊತ್ತಾಗುತ್ತದೆ. ಆದರೆ ಅವಸರ ಮಾಡಿದಿರಿ. ತಪ್ಪು ನಿಮ್ಮೊಬ್ಬರದೇ ಅಲ್ಲ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಯುದ್ಧಕ್ಕೆ ಹತ್ತು ಪುಟ. ಪಾಠದ ಕೊನೆಗೆ ‘ಇವರು ಸೂರ್ಯ, ಚಂದ್ರ, ಮಳೆಯನ್ನು ಪೂಜಿಸುತ್ತಿದ್ದರು’ ಎಂಬ ಒಂದು ಸಾಲು. ಮಕ್ಕಳು ಅದಕ್ಕೆ ಅಡಿಗೆರೆ ಎಳೆದು ಪುಸ್ತಕ ಮುಚ್ಚುತ್ತಾರೆ. ಸಾವಿರಾರು ವರ್ಷ ಬದುಕಿ ಬಾಳಿದ ಜನ ಪೆದ್ದರಂತೆ ಕಾಣುವುದು ಹೀಗೆ. ನಾನು ನೋಡಿದ ಆ ಕಲ್ಲಿನ ಕೆಳಗೂ ‘ಹರಕೆ ಫಲಕ, ಸುಣ್ಣಕಲ್ಲು’ ಎಂದಷ್ಟೇ ಬರೆದಿತ್ತು. ಏನು ಕೇಳಿಕೊಂಡಿರಬಹುದು, ಯಾರಿಗೆ ಹುಷಾರಿರಲಿಲ್ಲ, ಯಾರು ಮನೆಗೆ ವಾಪಸಾಗಿರಲಿಲ್ಲ, ಯೋಚಿಸುವಂತೆ ಮಾಡುವ ಒಂದು ಮಾತೂ ಇಲ್ಲ.

ಮುಂದೆ ಯಾವುದಾದರೂ ಮ್ಯೂಸಿಯಂಗೆ ಹೋದರೆ ರಾಜರ ದೊಡ್ಡ ಮೂರ್ತಿಗಳನ್ನು ದಾಟಿ ಮೂಲೆಯ ಗಾಜಿನ ಪೆಟ್ಟಿಗೆಯವರೆಗೆ ಹೋಗಿ. ಆ ಕಿವಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.