ಸಂಪಾದಕರ ಉತ್ತರ: ಹೋಗುವುದೂ ಬಿಡುವುದೂ ಅವರದೇ ಇಷ್ಟ

ಮಾನ್ಯರೇ,

ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯವರನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ಉಳಿದ ಓದುಗರ ಅನುಕೂಲಕ್ಕಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಬ್ರಾಡ್‌ಬರಿ ಅಭಿಮಾನಿಗಳಾದ ತಮ್ಮ ಬಳಗದಲ್ಲಿ ಎರಡು ವಿಷಯಗಳ ಮೇಲೆ ಬಿಸಿಬಿಸಿ ಚರ್ಚೆ ನಡೆದಿದೆ. ಪಾರ್ಶ್ವವಾಯುವಿನಿಂದಾಗಿ ಗಾಲಿಕುರ್ಚಿ ಸೇರಿದ್ದ 84ರ ಹಿರಿಯರನ್ನು 2004ರಲ್ಲಿ ಒಂದು ಪದಕದ ಸಲುವಾಗಿ ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ವರೆಗೆ ಕರೆಸಿಕೊಂಡದ್ದು ಸರಿಯೇ ಎಂಬುದು ಮೊದಲನೆಯದು. ಈಚಿನ ಸಿನಿಮಾಗಳು, ಅದರಲ್ಲೂ 2005ರ ‘ಎ ಸೌಂಡ್ ಆಫ್ ಥಂಡರ್’ ಮತ್ತು 2018ರ ‘ಫ್ಯಾರನ್‌ಹೀಟ್ 451’, ಮೂಲಕ್ಕೆ ಬಗೆದ ದ್ರೋಹವಲ್ಲವೇ ಎಂಬುದು ಎರಡನೆಯದು. ಇದರ ಜೊತೆಗೆ, ಬಳಗದ ಮುಂದಿನ ಕೂಟದಲ್ಲಿ ತೋರಿಸುವುದಕ್ಕೆ ಒಂದು ಚಿತ್ರವನ್ನು ಸೂಚಿಸಬೇಕೆಂದೂ ಕೇಳಿದ್ದೀರಿ.

ಪ್ರಯಾಣದ ವಿಷಯದಲ್ಲಿ ತಮ್ಮ ಕಳಕಳಿ ಪ್ರಾಮಾಣಿಕವಾದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸುಮಾರು 3,700 ಕಿಲೋಮೀಟರ್ ದೂರ, ವಯಸ್ಸು, ಅನಾರೋಗ್ಯ, ಸಾಲದ್ದಕ್ಕೆ ಹಿಂದಿನ ವರ್ಷವಷ್ಟೇ ಪತ್ನಿಯನ್ನು ಕಳೆದುಕೊಂಡ ದುಃಖ, ಇವೆಲ್ಲ ಇದ್ದದ್ದೇ. ಆದರೆ ‘ಕರೆಸಿಕೊಂಡರು’ ಎನ್ನುವಾಗ ನಾವು ಬ್ರಾಡ್‌ಬರಿಯವರ ಇಚ್ಛೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಪ್ರಯಾಣದ ವಿಷಯದಲ್ಲಿ ಅವರು ಯಾರ ಮಾತಿಗೂ ಸುಲಭವಾಗಿ ಬಗ್ಗಿದವರಲ್ಲ. ಹದಿಹರೆಯದಲ್ಲಿ ಕಣ್ಣಾರೆ ಕಂಡ ಒಂದು ಭೀಕರ ರಸ್ತೆ ಅಪಘಾತದ ನಂತರ ಜೀವಮಾನವಿಡೀ ಕಾರು ಓಡಿಸಲು ಕಲಿಯಲಿಲ್ಲ, ಅದೂ ಕಾರಿಲ್ಲದೆ ಒಂದು ಹೆಜ್ಜೆಯೂ ಸಾಗದ ಲಾಸ್ ಏಂಜಲೀಸ್‌ನಂಥ ನಗರದಲ್ಲಿದ್ದುಕೊಂಡು. ಮಂಗಳ ಗ್ರಹಕ್ಕೆ ಹೋಗುವ ಜನರ ಕಥೆಗಳನ್ನು ಬರೆದು ಹೆಸರಾದ ಈ ಲೇಖಕರು ಮೊದಲ ಬಾರಿ ವಿಮಾನ ಹತ್ತಿದ್ದು 1982ರಲ್ಲಿ, ಅರವತ್ತು ದಾಟಿದ ಮೇಲೆ. ಬೇಡವೆನಿಸಿದ್ದನ್ನು ಇಷ್ಟು ವರ್ಷ ನಿಷ್ಠುರವಾಗಿ ಬೇಡವೆಂದುಕೊಂಡೇ ಬಂದ ಮನುಷ್ಯ, ಎಂಬತ್ತನಾಲ್ಕರಲ್ಲಿ ಯಾರೋ ಕೈಹಿಡಿದು ಎಳೆದರೆಂದು ಹೊರಟರು ಎಂದು ನಂಬುವುದು ನನಗೆ ಕಷ್ಟ.

ಪ್ರಶಸ್ತಿಗಳ ಸಂದರ್ಭಗಳನ್ನೇ ಒಂದರ ಪಕ್ಕ ಒಂದಿಟ್ಟು ನೋಡಬಹುದು. ಪಾರ್ಶ್ವವಾಯು ಬಡಿದದ್ದು 1999ರ ನವೆಂಬರಿನಲ್ಲಿ. ಮರು ವರ್ಷವೇ, 2000ದ ನವೆಂಬರಿನಲ್ಲಿ, ನ್ಯಾಷನಲ್ ಬುಕ್ ಫೌಂಡೇಶನ್ನಿನ ಪದಕವನ್ನು ಸ್ವೀಕರಿಸಲು ನ್ಯೂಯಾರ್ಕಿಗೆ ಹೋದರು, ಅಲ್ಲಿ ಮನಸಾರೆ ಮಾತನಾಡಿದರು. 2004ರ ನವೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರಿಂದ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್ ಪಡೆಯಲು ಶ್ವೇತಭವನಕ್ಕೂ ಹೋದರು. 2007ರಲ್ಲಿ ಪುಲಿಟ್ಜರ್ ಮಂಡಳಿ ವಿಶೇಷ ಗೌರವವನ್ನು ಘೋಷಿಸಿದಾಗ ಮಾತ್ರ ಹೋಗಲಿಲ್ಲ. ಆರೋಗ್ಯದ ಕಾರಣವಂತೂ ಇತ್ತು. ಆದರೆ ಆಗ ಪುಲಿಟ್ಜರ್ ಸಮಾರಂಭವೆಂದರೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಊಟ, ಒಂದು ಹಸ್ತಲಾಘವ, ಅಷ್ಟೇ ಆಗಿತ್ತು. ಪ್ರಶಸ್ತಿ ಪಡೆದವರಿಗೆ ಭಾಷಣದ ಅವಕಾಶವಿರಲಿಲ್ಲ. ಮಾತಾಡಲು ಬಿಡದ ಕಡೆಗೆ ಅಷ್ಟು ದೂರ ಹೋಗುವುದೇಕೆ ಎಂಬುದು ಬ್ರಾಡ್‌ಬರಿಯವರು ಬಾಯಿಬಿಟ್ಟು ಹೇಳಿದ ತಕರಾರು. ಶ್ವೇತಭವನದಲ್ಲೂ ಲೇಖಕರಿಗೆ ವೇದಿಕೆ ಬಿಟ್ಟುಕೊಡುವ ಪದ್ಧತಿಯೇನೂ ಇಲ್ಲವಲ್ಲ ಎಂದು ತಾವು ಕೇಳಬಹುದು. ನಿಜ; ಮನುಷ್ಯರು ತಮ್ಮ ಇಷ್ಟಾನಿಷ್ಟಗಳಲ್ಲಿ ಅಷ್ಟೊಂದು ತರ್ಕಬದ್ಧವಾಗಿರುವುದಿಲ್ಲ, ಹಿರಿಯ ಲೇಖಕರಂತೂ ಇನ್ನೂ ಇಲ್ಲ.

ಪ್ರಶಸ್ತಿಯ ಸುಳಿವೇ ಇಲ್ಲದ ಓಡಾಟಗಳ ಬಗ್ಗೆ ತಮ್ಮ ಬಳಗದಲ್ಲಿ ಮಾತು ಬಂದಂತೆ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದವು ಅವೇ. 2009ರ ಜೂನ್ ತಿಂಗಳಲ್ಲಿ, 88ರ ವಯಸ್ಸಿನಲ್ಲಿ, ಗಾಲಿಕುರ್ಚಿಯಲ್ಲೇ ಅವರು ಲಾಸ್ ಏಂಜಲೀಸ್‌ನಿಂದ ವೆಂಚುರಾ ಎಂಬ ಊರಿಗೆ ಹೋಗಿದ್ದರು. ಹಣದ ಕೊರತೆಯಿಂದ ಬಾಗಿಲು ಮುಚ್ಚುವ ಹಂತಕ್ಕೆ ಬಂದಿದ್ದ ಅಲ್ಲಿನ ಎಚ್. ಪಿ. ರೈಟ್ ಗ್ರಂಥಾಲಯಕ್ಕಾಗಿ ನಿಧಿ ಕೂಡಿಸುವ ಕಾರ್ಯಕ್ರಮವದು. ಕಾಲೇಜಿನ ಮೆಟ್ಟಿಲು ಹತ್ತದೆ, ಸಾರ್ವಜನಿಕ ಗ್ರಂಥಾಲಯಗಳಲ್ಲೇ ಓದಿ ಬೆಳೆದವರು ಅವರು. ಪುಸ್ತಕಗಳನ್ನು ಸುಟ್ಟುಹಾಕುವ ಸಮಾಜವೊಂದರ ಕಥೆಯಾದ ‘ಫ್ಯಾರನ್‌ಹೀಟ್ 451’ ಕಾದಂಬರಿಯ ಮೊದಲ ರೂಪ ಸಿದ್ಧವಾದದ್ದೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೊವೆಲ್ ಗ್ರಂಥಾಲಯದ ನೆಲಮಾಳಿಗೆಯಲ್ಲೇ. ಅಲ್ಲಿನ ಬಾಡಿಗೆ ಟೈಪ್‌ರೈಟರುಗಳಿಗೆ ಹತ್ತು ಸೆಂಟಿನ ನಾಣ್ಯ ಹಾಕಿದರೆ ಅರ್ಧ ಗಂಟೆ ಕೆಲಸ ಮಾಡಬಹುದಿತ್ತು. ಗಡುವು ಮುಗಿಯುವುದರೊಳಗೆ ಬೆರಳುಗಳು ಓಡಬೇಕು. ಇಡೀ ಕರಡಿಗೆ ತಗುಲಿದ ಖರ್ಚು 9 ಡಾಲರ್ 80 ಸೆಂಟ್ ಎಂದು ಅವರೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ವೆಂಚುರಾದ ಆ ಗ್ರಂಥಾಲಯ ಅದೇ ವರ್ಷದ ಕೊನೆಗೆ ಮುಚ್ಚಿತು ಎಂಬುದು ಬೇರೆ ಮಾತು. ಗಾಲಿಕುರ್ಚಿಯ ಹಿರಿಯರನ್ನು ಯಾಕೆ ದಣಿಸಿದಿರಿ ಎಂದು ಆ ಊರಿನವರನ್ನೂ ಕೇಳುತ್ತೀರಾ?

ಎಲ್ಲ ಹಿರಿಯ ಲೇಖಕರೂ ಪ್ರಯಾಣ ಮಾಡಲೇಬೇಕೆಂದು ಇದರ ಅರ್ಥವಲ್ಲ. 2007ರಲ್ಲಿ ನೊಬೆಲ್ ಪಡೆದ ಡೋರಿಸ್ ಲೆಸ್ಸಿಂಗ್ ಬೆನ್ನುನೋವಿನಿಂದಾಗಿ ಸ್ಟಾಕ್‌ಹೋಮಿಗೆ ಹೋಗಲಿಲ್ಲ. ಅವರ ಉಪನ್ಯಾಸವನ್ನು ಅವರ ಪ್ರಕಾಶಕರು ಅಲ್ಲಿ ಓದಿದರು. 2013ರಲ್ಲಿ ಆಲಿಸ್ ಮನ್ರೋ ಅವರ ಪರವಾಗಿ ಮಗಳು ಹೋಗಿ ಪ್ರಶಸ್ತಿ ಸ್ವೀಕರಿಸಿದರು. ಹೋಗದಿದ್ದವರ ನಿರ್ಧಾರವನ್ನು ನಾವು ಮರುಮಾತಿಲ್ಲದೆ ಒಪ್ಪುತ್ತೇವೆ. ಹೋಗುತ್ತೇನೆ ಎಂದವರ ನಿರ್ಧಾರಕ್ಕೆ ಮಾತ್ರ ಬೇರೆ ಯಾರದೋ ಒತ್ತಾಯವನ್ನು ಹುಡುಕುತ್ತೇವೆ. ಅಭಿಮಾನದಲ್ಲಿ ಒಡೆತನವೂ ಸದ್ದಿಲ್ಲದೆ ಬೆರೆತುಕೊಂಡಾಗ ಹೀಗಾಗುತ್ತದೆ. ತಮ್ಮ ಎರಡನೆಯ ಪ್ರಶ್ನೆಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

‘ದ್ರೋಹ’ ಎಂಬ ಆರೋಪವನ್ನು ಬ್ರಾಡ್‌ಬರಿಯವರೇ ಒಪ್ಪುತ್ತಿದ್ದರೋ ಇಲ್ಲವೋ. ಫ್ರೆಂಚ್ ನಿರ್ದೇಶಕ ಫ್ರಾನ್ಸ್‌ವಾ ತ್ರೂಫೋ 1966ರಲ್ಲಿ ‘ಫ್ಯಾರನ್‌ಹೀಟ್ 451’ ಅನ್ನು ಚಿತ್ರವಾಗಿಸಿದಾಗ ಮಾಡಿದ ಬದಲಾವಣೆ ಸಣ್ಣದಲ್ಲ: ಕಾದಂಬರಿಯ ನಡುವೆಯೇ ಕಣ್ಮರೆಯಾಗುವ, ಸತ್ತಳೆಂಬ ಸುದ್ದಿಯಾಗುವ, ನಾಯಕನ ನೆರೆಮನೆಯ ಹುಡುಗಿ ಕ್ಲಾರಿಸ್ ಚಿತ್ರದಲ್ಲಿ ಬದುಕುಳಿದು, ಪುಸ್ತಕಗಳನ್ನು ಕಂಠಪಾಠ ಮಾಡಿಕೊಂಡವರ ಗುಂಪಿನಲ್ಲಿ ಕೊನೆಗೆ ಕಾಣಿಸಿಕೊಳ್ಳುತ್ತಾಳೆ. ಕ್ಲಾರಿಸ್ ಮತ್ತು ನಾಯಕನ ಹೆಂಡತಿ, ಈ ಎರಡೂ ಪಾತ್ರಗಳನ್ನು ಒಬ್ಬಳೇ ನಟಿಗೆ ಕೊಟ್ಟದ್ದು ಬ್ರಾಡ್‌ಬರಿಯವರಿಗೆ ಹಿಡಿಸಿರಲಿಲ್ಲ. ಕ್ಲಾರಿಸ್ ಬದುಕಿದ್ದು ಮಾತ್ರ ಎಷ್ಟು ಹಿಡಿಸಿತೆಂದರೆ, ಮುಂದೆ ತಾವೇ ಬರೆದ ನಾಟಕರೂಪದಲ್ಲಿ ಆಕೆಯನ್ನು ಬದುಕಿಸಿಕೊಂಡರು. ತನ್ನನ್ನು ಓದಿ ಬದಲಾಯಿಸಿದವರ ಬಳಿ ಅವರಿಗೆ ಜಗಳವಿರಲಿಲ್ಲ. ಜಾನ್ ಹ್ಯೂಸ್ಟನ್‌ರ 1956ರ ‘ಮೋಬಿ ಡಿಕ್’ ಚಿತ್ರಕ್ಕಾಗಿ ಮೆಲ್ವಿಲ್‌ರ ಮಹಾಕಾದಂಬರಿಯನ್ನು ಕತ್ತರಿಸಿ ಜೋಡಿಸಿದ ಅನುಭವ ಅವರಿಗೇ ಇತ್ತಲ್ಲ!

ಅವರು ನಿಜವಾಗಿ ಸಿಟ್ಟಾದದ್ದು 2004ರಲ್ಲಿ, ಮೈಕೇಲ್ ಮೂರ್ ತಮ್ಮ ಸಾಕ್ಷ್ಯಚಿತ್ರಕ್ಕೆ ‘ಫ್ಯಾರನ್‌ಹೀಟ್ 9/11’ ಎಂದು ಹೆಸರಿಟ್ಟಾಗ. ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದು ಅವರ ದೂರು. ಷೇಕ್ಸ್‌ಪಿಯರ್‌ನಿಂದ, ವಿಟ್‌ಮನ್‌ರಿಂದ, ಯೇಟ್ಸ್‌ರಿಂದ ಸಾಲುಗಳನ್ನು ಎತ್ತಿ ತಮ್ಮ ಪುಸ್ತಕಗಳಿಗೆ ಶೀರ್ಷಿಕೆ ಮಾಡಿಕೊಂಡವರು ಹೀಗೆ ದೂರುವುದು ಸ್ವಲ್ಪ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಆದರೂ ಆ ಸಿಟ್ಟಿಗೂ ಪುಲಿಟ್ಜರ್ ಊಟಕ್ಕೆ ಹೋಗದಿದ್ದುದಕ್ಕೂ ಮೂಲ ಒಂದೇ. ತನ್ನನ್ನು ಕೇಳಬೇಕು, ತನಗೆ ಮಾತಾಡಲು ಬಿಡಬೇಕು ಎಂಬುದಷ್ಟೇ ಅವರ ಹಟ.

ಇನ್ನು ತಾವು ಹೆಸರಿಸಿದ ಚಿತ್ರಗಳು. 2005ರದ್ದು ಕೆಟ್ಟ ಚಿತ್ರ. ಅದರಲ್ಲಿ ತಮ್ಮೊಂದಿಗೆ ನನಗೆ ಭಿನ್ನಾಭಿಪ್ರಾಯವಿಲ್ಲ. ಚಿತ್ರೀಕರಣ ನಡೆದ ಪ್ರಾಗ್‌ನ 2002ರ ಪ್ರವಾಹ, ನಿರ್ಮಾಣ ಸಂಸ್ಥೆಯ ದಿವಾಳಿ, ಹೀಗೆ ಅದಕ್ಕೆ ಗ್ರಹಚಾರವೂ ಕೂಡಿಬಂದಿರಲಿಲ್ಲ. ಆದರೆ ದೋಷ ಇರುವುದು ಬೇರೆಡೆ. 1952ರ ಮೂಲಕಥೆಯಲ್ಲಿ ಕೋಟ್ಯಂತರ ವರ್ಷ ಹಿಂದಕ್ಕೆ ಹೋಗಿ ಒಂದು ಚಿಟ್ಟೆಯನ್ನು ತುಳಿದು ಬಂದವನಿಗೆ ಮೊದಲು ಕಾಣುವ ವ್ಯತ್ಯಾಸ ಗೋಡೆಯ ಮೇಲಿನ ಫಲಕದ್ದು: ಅದೇ ಜಾಹೀರಾತು, ಅಕ್ಷರಗಳಷ್ಟೇ ಬೇರೆ ಥರ. ಆಮೇಲೆ, ಚುನಾವಣೆಯಲ್ಲಿ ಸೋತಿದ್ದವನು ಗೆದ್ದಿದ್ದಾನೆ ಎಂಬ ಸುದ್ದಿ. ಚಿತ್ರದವರಿಗೆ ಇಷ್ಟು ಸಾಲದೆ, ನಗರದ ಮೇಲೆ ಕಾಲದ ಅಲೆಗಳನ್ನು ಹರಿಸಿ, ಬಬೂನಿನಂಥ ಡೈನೋಸಾರುಗಳನ್ನು ಬಿಟ್ಟರು. ಕಾಗುಣಿತ ತಪ್ಪಿದ ಫಲಕದಲ್ಲಿರುವ ಭಯ ಆ ಮೃಗಗಳಲ್ಲಿ ಹುಟ್ಟಲಿಲ್ಲ. 2018ರ ‘ಫ್ಯಾರನ್‌ಹೀಟ್ 451’ ಚಿತ್ರ ಬಂದದ್ದು ಲೇಖಕರು ತೀರಿಕೊಂಡು ಆರು ವರ್ಷಗಳಾದ ಮೇಲೆ. ಗೋಡೆಯಗಲದ ಪರದೆಗಳ ಮುಂದೆ ಕುಳಿತು, ಕಿವಿಯಲ್ಲಿ ಪುಟ್ಟ ರೇಡಿಯೊ ತುರುಕಿಕೊಂಡು, ಗಂಡನ ಮಾತೇ ಕೇಳಿಸದಂತಾದ ನಾಯಕನ ಹೆಂಡತಿಯ ಪಾತ್ರವನ್ನೇ ಅದು ಕೈಬಿಟ್ಟಿದೆ. ಕಾದಂಬರಿಯಲ್ಲಿ ಪುಸ್ತಕಗಳು ಉರಿಯುವುದಕ್ಕೆ ಮೊದಲೇ ಓದುವವರು ಇಲ್ಲವಾಗಿದ್ದರೆಂಬುದು ತಿಳಿಯುವುದು ಆಕೆಯ ಮೂಲಕವೇ. ಅದನ್ನು ದ್ರೋಹ ಎನ್ನಲಾರೆ, ಕೈತಪ್ಪಿದ ಅವಕಾಶ ಎನ್ನುತ್ತೇನೆ.

ಕೂಟಕ್ಕೆ ನನ್ನ ಸೂಚನೆ ತ್ರೂಫೋ ಅವರ ಚಿತ್ರವೇ. ಶೀರ್ಷಿಕೆಗಳನ್ನು ಪರದೆಯ ಮೇಲೆ ಅಕ್ಷರಗಳಲ್ಲಿ ತೋರಿಸದೆ ದನಿಯಲ್ಲಿ ಓದಿ ಹೇಳುವ ಅದರ ಆರಂಭಕ್ಕೆ ಯಾರೂ ತಡವಾಗಿ ಬರದಂತೆ ನೋಡಿಕೊಳ್ಳಿ. ಸಮಯ ಉಳಿದರೆ ‘ಎ ಸೌಂಡ್ ಆಫ್ ಥಂಡರ್’ ಕಥೆಯನ್ನು ಒಬ್ಬರು ಗಟ್ಟಿಯಾಗಿ ಓದಲಿ. ಒಂದೇ ಕೂತಿಗೆ ಮುಗಿಯುವಷ್ಟು ಚಿಕ್ಕದು. 2005ರ ಚಿತ್ರವನ್ನು ಅದರ ಜೊತೆಗಿಟ್ಟು ನೋಡಲೇಬೇಕೆಂದು ಬಳಗದ ಕಿರಿಯರು ಹಟ ಹಿಡಿದರೆ, ಕಥೆ ಮೊದಲಾಗಲಿ, ಚಿತ್ರ ಆಮೇಲೆ.

— ಸಂಪಾದಕ